ಜಲವಿದ್ಯುತ್ ಗವರ್ನರ್

ಜಲವಿದ್ಯುತ್ ಗವರ್ನರ್ ಎಂಬುದು ಟರ್ಬೈನಿಗೆ ಹರಿಯುವ ನೀರಿನ ಪ್ರಮಾಣವನ್ನು ಬದಲಿಸಿ ಅದರ ವೇಗವನ್ನು ನಿಯಂತ್ರಿಸುವ ಸಾಧನ. ಭಾರತದ ವಿದ್ಯುತ್ ಜಾಲದ ನಿಗದಿತ ಆವೃತ್ತಿ 50 ಹರ್ಟ್ಸ್. ಬೇಡಿಕೆ ಏರಿದಾಗ ಯಂತ್ರಗಳ ವೇಗದೊಡನೆ ಆವೃತ್ತಿಯೂ ಇಳಿಯುತ್ತದೆ. ಬೇಡಿಕೆ ತಗ್ಗಿದಾಗ ಎರಡೂ ಏರುತ್ತವೆ. ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಜಲಾಶಯದ ನೀರನ್ನು ಬಳಸುವ ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವ್ಯಾಟ್ ಸಾಮರ್ಥ್ಯದ 10 ಪೆಲ್ಟನ್ ಟರ್ಬೈನ್ ಘಟಕಗಳಿವೆ. ಪೆಲ್ಟನ್ ಟರ್ಬೈನಿನಲ್ಲಿ ಗವರ್ನರ್ ನಳಿಕೆಯೊಳಗಿನ ಸೂಜಿಯನ್ನು ಸರಿಸಿ ನೀರಿನ ಧಾರೆಯನ್ನು ಹೆಚ್ಚು ಕಡಿಮೆ ಮಾಡುತ್ತದೆ.

ನಿಯಂತ್ರಣ ವಿಧಾನಗಳು

ನಿಗದಿತ ವೇಗಕ್ಕೂ ವಾಸ್ತವ ವೇಗಕ್ಕೂ ಇರುವ ವ್ಯತ್ಯಾಸವನ್ನು ದೋಷ ಎನ್ನುತ್ತಾರೆ. ಅನುಪಾತೀಯ ನಿಯಂತ್ರಣವು ದೋಷದ ಗಾತ್ರಕ್ಕೆ ತಕ್ಕಂತೆ ಸೂಜಿಯನ್ನು ಸರಿಸುತ್ತದೆ. ಆದರೆ ಸ್ವಲ್ಪ ದೋಷ ಉಳಿದೇ ಇರುತ್ತದೆ. ಅನುಕಲನ ನಿಯಂತ್ರಣವು ಕಾಲಕ್ರಮದಲ್ಲಿ ಸಂಚಯವಾದ ದೋಷವನ್ನು ಗಣಿಸಿ ಆ ಶೇಷವನ್ನು ನಿವಾರಿಸುತ್ತದೆ. ಅವಕಲನ ನಿಯಂತ್ರಣವು ದೋಷ ಬದಲಾಗುವ ದರಕ್ಕೆ ಸ್ಪಂದಿಸುತ್ತದೆ. ಮೂರೂ ಕೂಡಿದ್ದೇ ಪಿಐಡಿ ನಿಯಂತ್ರಣ.

ಹಲವು ಘಟಕಗಳು ಒಂದೇ ಜಾಲಕ್ಕೆ ಸೇರಿರುವಾಗ ಪ್ರತಿಯೊಂದೂ ದೋಷವನ್ನು ಸೊನ್ನೆಗೆ ತರಲು ಹೊರಟರೆ ಅವುಗಳ ನಡುವೆ ಹೊರೆಯ ಹಂಚಿಕೆ ಸ್ಥಿರವಾಗದು. ಆದ್ದರಿಂದ ‘ಡ್ರೂಪ್’ ಎಂಬ ಉದ್ದೇಶಪೂರ್ವಕ ಇಳಿಜಾರನ್ನು ಇಡಲಾಗುತ್ತದೆ. ಉದಾಹರಣೆಗೆ, ಡ್ರೂಪ್ ಶೇ. 4 ಇದ್ದರೆ, ಆವೃತ್ತಿ 0.1 ಹರ್ಟ್ಸ್ ಇಳಿದಾಗ 103.5 ಮೆಗಾವ್ಯಾಟ್ ಘಟಕವೊಂದು ಸುಮಾರು 5.2 ಮೆಗಾವ್ಯಾಟ್ ಹೆಚ್ಚುವರಿ ವಿದ್ಯುತ್ ನೀಡಬೇಕಾಗುತ್ತದೆ.

ಹೊಂದಾಣಿಕೆ

ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಪ್ರಕಟಿಸಿದ ಒಂದು ವಿಧಾನದಲ್ಲಿ, ವ್ಯವಸ್ಥೆ ನಿರಂತರವಾಗಿ ಆಂದೋಲಿಸುವವರೆಗೆ ಅನುಪಾತೀಯ ವರ್ಧನೆಯನ್ನು ಏರಿಸಲಾಗುತ್ತದೆ. ಉದ್ದನೆಯ ಒತ್ತಡದ ಕೊಳವೆಗಳಿರುವ ಜಲಘಟಕದಲ್ಲಿ ಈ ಪ್ರಯೋಗ ಅಪಾಯಕರ.

ಕೊಳವೆಯಲ್ಲಿನ ನೀರಿಗೆ ಜಡತ್ವವಿದೆ. ಸೂಜಿಯನ್ನು ಥಟ್ಟನೆ ತೆರೆದರೆ ನಳಿಕೆಯ ಬಳಿ ಒತ್ತಡ ಕುಸಿದು, ಶಕ್ತಿಯು ಏರುವ ಮೊದಲು ಕ್ಷಣಕಾಲ ಇಳಿಯುತ್ತದೆ. ಆತುರದ ಗವರ್ನರ್ ಇದನ್ನು ಕಂಡು ಸೂಜಿಯನ್ನು ಇನ್ನಷ್ಟು ತೆರೆಯುತ್ತದೆ. ವೇಗ ಏರಿಳಿಯುತ್ತಲೇ ಇರುತ್ತದೆ. ಹೀಗಾಗಿ ಹೊಂದಾಣಿಕೆಯು ಎರಡು ಅವಧಿಗಳನ್ನು ಆಧರಿಸಿದೆ: ನೀರಿನ ಚಾಲನಾವಧಿ ಮತ್ತು ತಿರುಗುವ ಭಾಗಗಳ ಚಾಲನಾವಧಿ. ರೂಢಿಯ ಒಂದು ಸೂತ್ರದಂತೆ ಅನುಪಾತೀಯ ವರ್ಧನೆಯು ಎರಡನೆಯ ಅವಧಿಯನ್ನು ಮೊದಲನೆಯದರ ಇಮ್ಮಡಿಯಿಂದ ಭಾಗಿಸಿದಷ್ಟು. ಅನುಕಲನ ಕಾಲವು ಮೊದಲನೆಯದರ ನಾಲ್ಕರಷ್ಟು. ಅವು ಕ್ರಮವಾಗಿ 1 ಮತ್ತು 8 ಸೆಕೆಂಡ್ ಎಂದುಕೊಂಡರೆ ವರ್ಧನೆ 4, ಅನುಕಲನ ಕಾಲ 4 ಸೆಕೆಂಡ್.

ಹೊರೆ ಒಮ್ಮೆಲೇ ಕಡಿದುಹೋದಾಗ ಸೂಜಿಯನ್ನು ಬೇಗ ಮುಚ್ಚಿದರೆ ಜಲಾಘಾತದಿಂದ ಕೊಳವೆ ಸಿಡಿಯಬಹುದು. ನಿಧಾನಿಸಿದರೆ ವೇಗ ಮಿತಿಮೀರಬಹುದು. ಪೆಲ್ಟನ್ ಟರ್ಬೈನಿನಲ್ಲಿ ಡಿಫ್ಲೆಕ್ಟರ್ ಎಂಬ ಫಲಕವು ಮೊದಲು ಧಾರೆಯನ್ನು ಚಕ್ರದಿಂದ ಆಚೆಗೆ ತಿರುಗಿಸುತ್ತದೆ. ಬಳಿಕ ಸೂಜಿ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.