ಹಗರಣ: ಆಟದ ಹೆಸರು ಲೂಟಿಗೆ ಬಂದ ಬಗೆ

ಪತ್ರಿಕೆಯ ಮುಖಪುಟದಲ್ಲಿ ಅಕ್ಕಪಕ್ಕ ಕಾಣುವ ‘ಹಗರಣ’, ‘ಪ್ರಕರಣ’ ಎಂಬ ಎರಡು ಮಾತುಗಳು ಒಡಹುಟ್ಟಿದವು. ಸಂಸ್ಕೃತದ ಪ್ರಕರಣ ಕನ್ನಡದಲ್ಲಿ ಇದ್ದ ಹಾಗೆಯೇ ಉಳಿಯಿತು. ಅದೇ ಪದ ಪ್ರಾಕೃತದ ದಾರಿ ಹಿಡಿದು ಪಗರಣವಾಯಿತು, ಮುಂದೆ ಹಗರಣವಾಯಿತು. ಪ್ರಯಾಣ ಪಯಣವಾದಾಗ ರೇಫ ಬಿದ್ದುಹೋದಂತೆ ಇಲ್ಲಿಯೂ ಬಿತ್ತು. ಆಕಾಶ ಆಗಸವಾದಾಗಿನಂತೆ ಕಕಾರ ಗಕಾರವಾಯಿತು. ಪಗಲ್ ಹಗಲಾದಂತೆ ಪಕಾರ ಹಕಾರಕ್ಕೆ ತಿರುಗಿತು.

ಸಂಸ್ಕೃತದಲ್ಲಿ ಪ್ರಕರಣಕ್ಕೆ ಅರ್ಥಗಳು ಹಲವು. ಅವುಗಳಲ್ಲಿ ಎರಡು ನಮ್ಮ ವಿಷಯಕ್ಕೆ ಅಂಟಿಕೊಂಡೇ ಬರುತ್ತವೆ. ಒಂದು, ಗ್ರಂಥದ ಭಾಗ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿರುವ 180 ಪ್ರಕರಣಗಳಲ್ಲಿ ಒಂದು, ಅಧಿಕಾರಿಗಳು ನುಂಗಿದ ಸರ್ಕಾರಿ ಹಣವನ್ನು ಮರಳಿ ಪಡೆಯುವುದಕ್ಕೇ ಮೀಸಲು. ಹಣ ಕದಿಯುವ 40 ಬಗೆಗಳನ್ನು ಅದು ಎಣಿಸಿ ಹೇಳುತ್ತದೆ: ಮೊದಲೇ ಬಂದದ್ದನ್ನು ಆಮೇಲೆ ಬಂತೆಂದು ಬರೆಯುವುದು, ಒಬ್ಬ ಕೊಟ್ಟದ್ದನ್ನು ಇನ್ನೊಬ್ಬನ ಹೆಸರಿಗೆ ಜಮಾ ಮಾಡುವುದು, ತೂಕದಲ್ಲಿ, ಅಳತೆಯಲ್ಲಿ ಮೋಸ ಮಾಡುವುದು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಗರಿ ದೊರೆತದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ. ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅಧಿಕಾರಿಗಳ ಭ್ರಷ್ಟತೆಯ ಬಗ್ಗೆ ಇಷ್ಟು ಲೆಕ್ಕಾಚಾರದಿಂದ ಬರೆದ ಪುಸ್ತಕ ನಮ್ಮ ನಾಡಿನಲ್ಲೇ ಮರುಹುಟ್ಟು ಪಡೆಯಿತೆಂಬುದು ನಾವು ಇನ್ನೂ ಹೆಚ್ಚು ನೆನೆಯಬೇಕಾದ ಸಂಗತಿ.

ಎರಡನೆಯ ಅರ್ಥ, ರೂಪಕದ ಒಂದು ಜಾತಿ. ನಾಟಕದ ಕಥೆ ಪುರಾಣ ಇತಿಹಾಸಗಳಿಂದ ಬಂದರೆ ಪ್ರಕರಣದ ಕಥೆಯನ್ನು ಕವಿಯೇ ಕಟ್ಟುತ್ತಾನೆ. ಅಲ್ಲಿ ವರ್ತಕರು, ಜೂಜುಕೋರರು, ಕಳ್ಳರು, ಗಣಿಕೆಯರು ಓಡಾಡುತ್ತಾರೆ. ಶೂದ್ರಕನ ಮೃಚ್ಛಕಟಿಕ ಇಂಥ ಪ್ರಕರಣ. ಅದರ ಒಂಬತ್ತನೆಯ ಅಂಕದಲ್ಲಿ ದೊರೆಯ ಭಾವಮೈದುನ ಶಕಾರ ಸುಳ್ಳು ದೂರು ಹೊತ್ತು ನ್ಯಾಯಸಭೆಗೆ ಬರುತ್ತಾನೆ. ಇವತ್ತು ಆಗುವುದಿಲ್ಲವೆಂದಾಗ, ದೊರೆಗೆ ಹೇಳಿ ನಿನ್ನನ್ನು ಈ ಪೀಠದಿಂದ ತೆಗೆಸುತ್ತೇನೆಂದು ಬೆದರಿಸುತ್ತಾನೆ. ನ್ಯಾಯಾಧಿಕಾರಿ ಅಂಜಿ ದೂರನ್ನು ಕೈಗೆತ್ತಿಕೊಳ್ಳುತ್ತಾನೆ. ನಿರಪರಾಧಿ ಚಾರುದತ್ತ ವಧಾಸ್ಥಾನದವರೆಗೆ ನಡೆಯಬೇಕಾಗುತ್ತದೆ. ವರ್ಗಾವಣೆಯ ಭಯದಲ್ಲಿ ಕೆಲಸ ಮಾಡಿದ ಯಾವ ಅಧಿಕಾರಿಗೂ ಈ ದೃಶ್ಯ ಹಳೆಯದೆನ್ನಿಸಲಾರದು.

ಕನ್ನಡದ ಬಾಯಿಗೆ ಬಂದ ಪಗರಣ ರಾಜಸಭೆಯ ರಂಗವನ್ನು ಬಿಟ್ಟು ಬೀದಿಗಿಳಿಯಿತು. ಆಟ, ವೇಷ, ಅಣಕ ಎಂಬುದೇ ಅದರ ಅರ್ಥವಾಯಿತು. ಆ ಅರ್ಥ ನಿಘಂಟಿನಲ್ಲಿ ಮಲಗಿಲ್ಲ. ಉತ್ತರ ಕನ್ನಡದ ಅಂಕೋಲೆಯ ಸುತ್ತಮುತ್ತ ಹೋಳಿಯ ಹೊತ್ತಿನ ಸುಗ್ಗಿಯಲ್ಲಿ ಇಂದಿಗೂ ಹಗರಣ ಕಟ್ಟುತ್ತಾರೆ. ವೇಷ ಹಾಕಿಕೊಂಡವರು ಆ ವರ್ಷದ ಸುದ್ದಿಗಳನ್ನು, ಅಧಿಕಾರಸ್ಥರ ಚಾಳಿಗಳನ್ನು ಮೆರವಣಿಗೆಯಲ್ಲಿ ಆಡಿ ತೋರಿಸುತ್ತಾರೆ.

ಆಟದಿಂದ ಲೂಟಿಗೆ ಪದ ಜಾರಿದ್ದು ಮನೆಮಾತಿನ ಮೂಲಕ. ಒಳಗೇ ಮುಗಿಯಬೇಕಾದ ಜಗಳ ಹೊಸ್ತಿಲು ದಾಟಿದರೆ ‘ಯಾಕೆ ಊರೆಲ್ಲ ಹಗರಣ ಮಾಡ್ತೀಯ’ ಎಂದು ಹಿರಿಯರು ಗದರುತ್ತಾರೆ. ನಾಲ್ಕು ಜನ ನಿಂತು ನೋಡುವಂತಾಯಿತಲ್ಲ ಎಂಬುದೇ ಅಲ್ಲಿನ ಅವಮಾನ. ದೊಡ್ಡವರ ಕಳ್ಳತನ ಹಾಗೆ ನಾಲ್ಕು ಜನರ ಕಣ್ಣಿಗೆ ಬಿದ್ದಾಗ ಪತ್ರಿಕೆಗಳು ಇದೇ ಮಾತನ್ನು ಎತ್ತಿಕೊಂಡವು. ನೆರೆಹೊರೆಯ ಭಾಷೆಗಳು ಬೇರೆಯದನ್ನು ಕಂಡಿವೆ. ಹಿಂದಿಯ ಘೋಟಾಲಾದಲ್ಲಿ ಲೆಕ್ಕದ ಕಲಸುಮೇಲೋಗರವಿದೆ, ತಮಿಳಿನ ಊಳಲ್‌ನಲ್ಲಿ ಕೊಳೆತ ನಾತವಿದೆ. ಕನ್ನಡ ಮಾತ್ರ ನೋಡುವ ಜನರನ್ನು ಪದದೊಳಗೇ ಇಟ್ಟುಕೊಂಡಿದೆ.

1957ರ ಮುಂದ್ರಾ ಹಗರಣಕ್ಕೆ ಈ ಹೆಸರು ಅಕ್ಷರಶಃ ಒಪ್ಪುತ್ತದೆ. ಜೀವ ವಿಮಾ ನಿಗಮದ ಸುಮಾರು 1.24 ಕೋಟಿ ರೂಪಾಯಿ ಹರಿದಾಸ್ ಮುಂದ್ರಾ ಕಂಪನಿಗಳ ಷೇರಿಗೆ ಹೋದದ್ದನ್ನು ಲೋಕಸಭೆಯಲ್ಲಿ ಎತ್ತಿದವರು ಆಳುವ ಪಕ್ಷದವರೇ ಆದ ಫಿರೋಜ್ ಗಾಂಧಿ. ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಮುಂಬಯಿಯಲ್ಲಿ ವಿಚಾರಣೆಯನ್ನು ಸಾರ್ವಜನಿಕವಾಗಿಯೇ ನಡೆಸಿದರು. ಜನ ಮುಗಿಬಿದ್ದು ಕೇಳಿದರು. 1958ರ ಫೆಬ್ರುವರಿಯಲ್ಲಿ ಅರ್ಥಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಎಲ್ಲರೆದುರು ನಡೆದದ್ದರಿಂದಲೇ ಅದು ಬೇಗ ಮುಗಿಯಿತೆಂಬುದು ನನ್ನ ನಂಬಿಕೆ.

ಆದರೆ ಈ ಪದದ ಬಗ್ಗೆ ನನಗೊಂದು ತಕರಾರಿದೆ. ಲಂಚ ತಿಂದ ಎಂದರೆ ಯಾರು ಎಂದು ಕೇಳಬಹುದು. ‘ಹಗರಣ ನಡೆಯಿತು’, ‘ಹಗರಣ ಬಯಲಾಯಿತು’ ಎಂಬ ವಾಕ್ಯಗಳಲ್ಲಿ ಕರ್ತೃವೇ ಇಲ್ಲ. ಮಳೆ ಬಂದ ಹಾಗೆ ಹಗರಣವೂ ಬಂದು ಹೋಗುತ್ತದೆ. ಹಗರಣಗಳ ಬಗೆಗಿನ ಒಳ್ಳೆಯ ಪುಸ್ತಕಗಳು ಮಾಡುವ ಮುಖ್ಯ ಕೆಲಸ ಈ ಕರ್ತೃವನ್ನು ಹುಡುಕಿ ತರುವುದು. ಸುಚೇತಾ ದಲಾಲ್ ಮತ್ತು ದೇಬಾಶಿಸ್ ಬಸು 1992ರ ಷೇರುಪೇಟೆ ವಂಚನೆಯ ಬಗ್ಗೆ ‘ದ ಸ್ಕ್ಯಾಮ್’ ಬರೆದಾಗ ಹರ್ಷದ್ ಮೆಹ್ತಾ ಒಬ್ಬನಲ್ಲೇ ನಿಲ್ಲಲಿಲ್ಲ. ಬ್ಯಾಂಕುಗಳ ಒಳಗೆ ರಸೀದಿ ಹೇಗೆ ಕೈಬದಲಾಯಿತು, ಯಾರು ಕಣ್ಣು ಮುಚ್ಚಿಕೊಂಡರು ಎಂಬುದನ್ನು ಹಿಂಬಾಲಿಸಿದರು. ಬೊಫೋರ್ಸ್ ಕುರಿತು ಚಿತ್ರಾ ಸುಬ್ರಹ್ಮಣ್ಯಂ ಬರೆದ ಪುಸ್ತಕದ ಬೆಲೆಯೂ ದಾಖಲೆಗಳ ಹಿಂದೆ ಹೋದ ಆ ಹಟದಲ್ಲಿದೆ.

ನಮ್ಮಲ್ಲಿ ಆ ಸಾಲಿಗೆ ಸೇರುವ ಬರಹ ಪುಸ್ತಕದಂಗಡಿಯಲ್ಲಿ ಸಿಗುವಂಥದ್ದಲ್ಲ. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಸಲ್ಲಿಸಿದ ಗಣಿ ವರದಿ ಅದು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಕೂಡಿಹಾಕಿದ ಲಾರಿ ಲೆಕ್ಕ, ಪರವಾನಗಿ, ಬ್ಯಾಂಕ್ ವಿವರಗಳ ಮೇಲೆ ಅದು ನಿಂತಿದೆ. ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಹೇಳಿದ ಆ ವರದಿಯ ಬೆನ್ನಿಗೇ ಮುಖ್ಯಮಂತ್ರಿ ಹುದ್ದೆ ಬಿಡಬೇಕಾಯಿತು. ಇಷ್ಟು ದೊಡ್ಡ ವರದಿಯನ್ನು ಸಾಮಾನ್ಯ ಓದುಗ ಕೈಗೆತ್ತಿಕೊಂಡು ಓದುವಂಥ ಕನ್ನಡದಲ್ಲಿ ಮರಳಿ ಹೇಳುವುದು ನಮ್ಮ ಬರಹಗಾರರ ಮೇಲಿರುವ ಸಾಲವೆಂದೇ ನಾನು ತಿಳಿದಿದ್ದೇನೆ.

ಅದೇ ಗಣಿ ಹಗರಣದ ಕಾಲದಲ್ಲಿ, ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ ಅದಿರಿನಲ್ಲಿ ಬಹುಪಾಲು ಹಡಗು ಹತ್ತಿ ಹೋಯಿತು. ಆ ಬಂದರು ಇರುವುದು ಸುಗ್ಗಿಯ ಹಗರಣ ಕಟ್ಟುವ ಅದೇ ಅಂಕೋಲಾ ತಾಲ್ಲೂಕಿನಲ್ಲಿ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಾಸಕರೊಬ್ಬರು, ಬಂದರಿನ ಅಧಿಕಾರಿಯೊಬ್ಬರು ಮತ್ತು ಇತರರು ತಪ್ಪಿತಸ್ಥರೆಂದು ತೀರ್ಪು ಕೊಟ್ಟಿತು. ಮರು ತಿಂಗಳೇ ಹೈಕೋರ್ಟ್ ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.