ಸೀಟಿಗೊಂದು ಮುಳ್ಳು

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುಂದೆ ಲೋಡಿಗೆ ಕಾದು ನಿಂತ ಹಳೆಯ ಟಾಟಾ ಲಾರಿಯ ಮೂತಿಯ ಮೇಲೆ ‘1613’ ಎಂಬ ಅಂಕಿ, ಅದರ ಪಕ್ಕ ‘ಟಿಸಿ’ ಎಂಬ ಎರಡಕ್ಷರ ಇದ್ದರೆ ಅದೊಂದು ಕಾಲದ ಗುರುತು. ಅಂಕಿಯ ಒಗಟು ಲಾರಿ ಜನಕ್ಕೆ ಬಾಯಿಪಾಠ. ಮೊದಲ ಎರಡು ಸ್ಥಾನ ಸರಕೂ ಸೇರಿದ ಒಟ್ಟು ತೂಕ, ಟನ್ನಿನಲ್ಲಿ. ಉಳಿದೆರಡನ್ನು ಹತ್ತರಿಂದ ಗುಣಿಸಿದರೆ ಎಂಜಿನ್ನಿನ ಅಶ್ವಶಕ್ತಿ, ಹೆಚ್ಚೂಕಡಿಮೆ. ಹದಿನಾರು ಟನ್ನು, ನೂರಮೂವತ್ತು ಕುದುರೆ. ‘ಟಿಸಿ’ ಮಾತ್ರ ಶಾಲೆ ಬಿಟ್ಟವರ ಕೈಗೆ ಕೊಡುವ ಕಾಗದವಲ್ಲ, ಟರ್ಬೊ ಚಾರ್ಜರ್.

ಆ ಲಾರಿಯ ಬಾಗಿಲು ತೆಗೆದು ಸ್ಟಿಯರಿಂಗ್ ಹಿಂದೆ ಇಣುಕಿದರೆ ಮೀಟರುಗಳಿಗೇನೂ ಬರವಿಲ್ಲ. ವೇಗಕ್ಕೊಂದು, ಡೀಸೆಲ್ಲಿಗೊಂದು, ನೀರಿನ ಬಿಸಿಗೊಂದು, ಎಂಜಿನ್ ಆಯಿಲಿನ ಒತ್ತಡಕ್ಕೊಂದು, ಬ್ರೇಕಿನ ಗಾಳಿಗೊಂದು. ಮೂತಿಯ ಮೇಲೆ ಹೆಸರು ಬರೆಸಿಕೊಂಡ ಟರ್ಬೊಗೆ ಮಾತ್ರ ಸಾಮಾನ್ಯವಾಗಿ ಮುಳ್ಳಿಲ್ಲ. ಅದು ಎಷ್ಟು ಗಾಳಿ ನೂಕುತ್ತಿದೆ ಎಂದು ಹೇಳುವ ಬೂಸ್ಟ್ ಗೇಜು ಈ ಸೀಮೆಯ ಲಾರಿಗಳಿಗೆ ಬೇಕಾದಾಗ ಬರಲಿಲ್ಲ. ಬಂದಾಗ ಡ್ರೈವರನ ಕಣ್ಣಿಗೆ ಬೀಳಲಿಲ್ಲ.

ಭಾರ ಎಳೆಯುವ ಕಸುಬು ಈ ನೆಲಕ್ಕೆ ಡೀಸೆಲ್ಲಿಗಿಂತ ಹಳೆಯದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಎಂದು ಹೆಸರು ಬದಲಿಸಿಕೊಂಡಿತು. ಫಿರಂಗಿ, ಮದ್ದುಗುಂಡು, ದಂಡಿನ ಸಾಮಾನು ಎಳೆಯುವ ಎತ್ತುಗಳ ತಳಿಗೂ ಅದೇ ಹೆಸರು ನಿಂತಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದನಗಳು ಬ್ರಿಟಿಷರ ಕೈ ಸೇರಿದವು. ಅವು ಮೇಯುತ್ತಿದ್ದ ಕಾವಲುಗಳಲ್ಲಿ ದೊಡ್ಡವು ಚಳ್ಳಕೆರೆಯ ಸುತ್ತ ಇದ್ದವು. ಎತ್ತಿನ ಗಾಡಿಯ ಕಾಲದಲ್ಲೂ ಭಾರಕ್ಕೆ ಉಸಿರೇ ಅಳತೆ. ಏರು ಹತ್ತುವಾಗ ಎತ್ತಿನ ಏದುಸಿರು, ಬಾಯಂಚಿನ ನೊರೆ ನೋಡಿಯೇ ಗಾಡಿಯವನು ಕೆಳಗಿಳಿದು ಚಕ್ರಕ್ಕೆ ಹೆಗಲು ಕೊಡುತ್ತಿದ್ದ. ಆಮೇಲೆ ಬಂದ ಲಾರಿಯವನ ಬುದ್ಧಿಯೂ ಇಂಥದ್ದೇ.

ಪಕ್ಕದ ಮೊಳಕಾಲ್ಮೂರಿನ ಸರಕು ಹಗುರ. ಅಲ್ಲಿಯ ರೇಷ್ಮೆ ಸೀರೆ ಗಂಟು ಕಟ್ಟಿದರೆ ಬಸ್ಸಿನಲ್ಲೇ ಹೋಗುತ್ತದೆ. ಚಳ್ಳಕೆರೆಯದು ಹಾಗಲ್ಲ. ಮಳೆ ಕಡಿಮೆಯ ಈ ನೆಲದಲ್ಲಿ ಶೇಂಗಾ ಬೇರೂರಿ, ಗಾಣದ ಜಾಗಕ್ಕೆ ಮಿಲ್ಲುಗಳು ಬಂದು, ಊರಿಗೆ ‘ಎಣ್ಣೆ ನಗರಿ’ ಎಂಬ ಬಿರುದೇ ಅಂಟಿತು. ಕಾಯಿ ಬರಬೇಕು, ಎಣ್ಣೆ ಹೋಗಬೇಕು, ಹಿಂಡಿಯೂ ಹೋಗಬೇಕು. ಮೂರಕ್ಕೂ ಲಾರಿ ಬೇಕು. ಉತ್ತರಕ್ಕೆ ಬಳ್ಳಾರಿ, ದಕ್ಷಿಣಕ್ಕೆ ಹಿರಿಯೂರು, ಅಲ್ಲಿಂದ ಬೆಂಗಳೂರು. ಜನ ಈಗಲೂ ಬೀದರ್–ಶ್ರೀರಂಗಪಟ್ಟಣ ರಸ್ತೆ ಎನ್ನುವ ಈ ದಾರಿಯ ಬಹುಭಾಗ ಇಂದು ರಾಷ್ಟ್ರೀಯ ಹೆದ್ದಾರಿ 150ಎ. ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ ಈ ದಾರಿಯ ಮೇಲೇ ಇದೆ.

ಆ ದಾರಿಯ ಮೊದಲ ತಲೆಮಾರಿನ ಡೀಸೆಲ್ ಲಾರಿಗಳಿಗೆ ಟರ್ಬೊ ಇರಲಿಲ್ಲ. ಟಾಟಾದ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಲಾರಿ ಕಟ್ಟಲು ತೊಡಗಿತು. ಮರುವರ್ಷ ಮದ್ರಾಸಿನ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಇವುಗಳ ಎಂಜಿನ್ನು ಪಿಸ್ಟನ್ ಕೆಳಗಿಳಿದಾಗ ತಾನಾಗಿ ಒಳಬಂದಷ್ಟು ಗಾಳಿಯಲ್ಲೇ ಬದುಕಬೇಕು. ಗಾಳಿ ಎಷ್ಟೋ ಡೀಸೆಲ್ ಅಷ್ಟೇ. ಅದಕ್ಕಿಂತ ಹೆಚ್ಚು ಕುಡಿಸಿದರೆ ಉಳಿದದ್ದೆಲ್ಲ ಕಪ್ಪು ಹೊಗೆ. ಬಿಸಿಲು ಬೇರೆ. ಸೊನ್ನೆ ಡಿಗ್ರಿಯ ಗಾಳಿಗೆ ಹೋಲಿಸಿದರೆ 40 ಡಿಗ್ರಿಯ ಗಾಳಿ ಶೇ 13ರಷ್ಟು ತೆಳು. ಜರ್ಮನಿಯ ಚಳಿಗಾಲದಲ್ಲಿ ಗಂಟಲು ತುಂಬ ಉಸಿರೆಳೆಯುವ ಎಂಜಿನ್ನು ಏಪ್ರಿಲಿನ ಚಳ್ಳಕೆರೆಯಲ್ಲಿ ಅರೆಹೊಟ್ಟೆಯಲ್ಲಿ ದುಡಿಯಿತು ಅನ್ನಬೇಕು.

ಈ ಅರೆಹೊಟ್ಟೆಗೆ ಮದ್ದು ಆಗಲೇ ಅರ್ಧ ಶತಮಾನ ಹಳೆಯದಾಗಿತ್ತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿನ ದಾರಿ ಹಿಡಿದು ಸುಮ್ಮನೆ ಹೊರಬೀಳುವ ಬಿಸಿಹೊಗೆಯಿಂದ ಒಂದು ಚಕ್ರ ತಿರುಗಿಸು, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ನೂಕು. ಇಷ್ಟೇ ಉಪಾಯ. ಆದರೆ ಆ ಚಕ್ರ ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗಬೇಕು, ಕೆಂಪಗೆ ಕಾದರೂ ಮುರಿಯಬಾರದು. ಅಂಥ ಲೋಹ, ಅಂಥ ಬೇರಿಂಗ್ ಕೈಗೆ ಬರಲು ಕಾಲ ಹಿಡಿಯಿತು. 1920ರ ದಶಕದಲ್ಲಿ ಟರ್ಬೊ ಹಡಗಿನ ಎಂಜಿನ್ನು ಹತ್ತಿತು, 1938ರಲ್ಲಿ ಸ್ವಿಟ್ಜರ್ಲೆಂಡಿನ ಸೌರರ್ ಕಂಪನಿ ಅದನ್ನು ಲಾರಿಗೆ ಕೂರಿಸಿತು. 1954ರಲ್ಲಿ ಸ್ವೀಡನ್ನಿನ ವೋಲ್ವೊ ತನ್ನ ಟೈಟಾನ್ ಲಾರಿಗೆ ಟರ್ಬೊ ಹಾಕಿದಾಗ 150 ಅಶ್ವಶಕ್ತಿಯ ಎಂಜಿನ್ನು 185 ಮುಟ್ಟಿತು. ಅದೇ ವರ್ಷ ಜಮ್‌ಶೆಡ್‌ಪುರದ ಟೆಲ್ಕೊ ಕಾರ್ಖಾನೆಯಲ್ಲಿ ಟರ್ಬೊ ಇಲ್ಲದ ಬೆಂಜ್ ಲಾರಿ ಇನ್ನೂ ಹುಟ್ಟುತ್ತಿತ್ತು!

ಇಲ್ಲಿ ಟರ್ಬೊ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. ಟಾಟಾ ಮತ್ತು ಅಮೆರಿಕದ ಕಮ್ಮಿನ್ಸ್ ಕೂಡಿ 1993ರಲ್ಲಿ ಕಂಪನಿ ಕಟ್ಟಿದವು, ಅವರ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ನು ಟಾಟಾ ಲಾರಿಗೆ ಬಂತು. 2000ದಲ್ಲಿ ಹೊಗೆಯ ಮಿತಿಯ ನಿಯಮ ಬಿಗಿಯಾದ ಮೇಲೆ ಟರ್ಬೊ ಬೇಕೋ ಬೇಡವೋ ಎಂಬ ಚರ್ಚೆಯೇ ಮುಗಿಯಿತು.

ಎಂಜಿನ್ನಿನ ಸದ್ದೂ ಬದಲಾಯಿತು. ಗುಡುಗುಡು ಶಬ್ದದ ಮೇಲೆ ಸಣ್ಣ ಸೀಟಿಯೊಂದು ಸೇರಿತು. ಗೇರು ಇಳಿಸಿ ಕಾಲು ಒತ್ತಿದರೆ ಸೀಟಿ ಏರುತ್ತದೆ, ಲೋಡು ಹೆಚ್ಚಾದಷ್ಟೂ ಮೊನಚಾಗುತ್ತದೆ. ಡ್ರೈವರನ ಬೂಸ್ಟ್ ಗೇಜು ಇದೇ ಆಯಿತು. ಸೀಟಿ ಬುಸುಗುಟ್ಟಿದರೆ ಎಲ್ಲೋ ಹೋಸು ಬಿರಿದಿದೆ. ಕೀರಲು ದನಿ ಬಂದರೆ ಚಕ್ರ ಗೋಡೆಗೆ ತಾಗುತ್ತಿದೆ. ನೀಲಿ ಹೊಗೆ ಬಂದರೆ ಟರ್ಬೊ ಆಯಿಲ್ ಕುಡಿಯುತ್ತಿದೆ. ಎಲ್ಲ ದೂರಿಗೂ ಗ್ಯಾರೇಜಿನಲ್ಲಿ ಒಂದೇ ಮಾತು: “ಪಿಕಪ್ ಇಲ್ಲ.”

ಮುಳ್ಳಿಲ್ಲ ಎಂದರೆ ಅಳತೆಯೇ ಇಲ್ಲ ಎಂದಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೊ, 1951ರಲ್ಲಿ ಬಾಷ್ ನೆರವಿನಿಂದ ಹುಟ್ಟಿ 2008ರಲ್ಲಿ ಹೆಸರನ್ನೂ ಬಾಷ್ ಎಂದೇ ಮಾಡಿಕೊಂಡ ಕಂಪನಿ, ಡೀಸೆಲ್ ಪಂಪಿನ ಇನ್ನೊಂದು ಹೆಸರೇ ಆಗಿತ್ತು. ಟರ್ಬೊ ಎಂಜಿನ್ನಿನ ಅನೇಕ ಇನ್‌ಲೈನ್ ಪಂಪುಗಳ ಗವರ್ನರ್ ಮೇಲೆ ಚಿಕ್ಕ ತಟ್ಟೆಯಂಥ ಡಬ್ಬಿಯೊಂದು ಕೂರುತ್ತದೆ. ಒಳಗೆ ರಬ್ಬರ್ ಡಯಾಫ್ರಾಂ, ಅದಕ್ಕೊಂದು ಸ್ಪ್ರಿಂಗು. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಸಪೂರ ಪೈಪೊಂದು ಅಲ್ಲಿಗೆ ಬರುತ್ತದೆ. ಟರ್ಬೊ ಗಾಳಿ ಒತ್ತಿದಾಗ ಡಯಾಫ್ರಾಂ ಬಗ್ಗುತ್ತದೆ, ಆಗ ಮಾತ್ರ ಪಂಪು ಹೆಚ್ಚು ಡೀಸೆಲ್ ಬಿಡುತ್ತದೆ. ಅಂದರೆ ಬೂಸ್ಟ್ ಗೇಜು ಬಾನೆಟ್ಟಿನ ಕೆಳಗೇ ಇತ್ತು. ಓದುತ್ತಿದ್ದುದು ಪಂಪು, ಡ್ರೈವರನಲ್ಲ. ಆ ಸಪೂರ ಪೈಪು ಬಿರುಕು ಬಿಟ್ಟರೆ ಹೊಗೆಯೂ ಇಲ್ಲ, ಸದ್ದೂ ಇಲ್ಲ, ಲಾರಿ ಸುಮ್ಮನೆ ಸೊರಗುತ್ತದೆ. ಎರಡು ಕಾಸಿನ ಪೈಪಿನ ತಪ್ಪಿಗೆ ಟರ್ಬೊವನ್ನೇ ಬಿಚ್ಚಿಸಿ ರಿಪೇರಿಗೆ ಕಳಿಸುವ ಎಡವಟ್ಟಿಗೆ ಇಲ್ಲೇ ದಾರಿ.

ಮುಳ್ಳು ನಿಜಕ್ಕೂ ಬೇಕಾಗಿದ್ದು ಕಬ್ಬಿಣದ ಅದಿರಿನ ದಿನಗಳಲ್ಲಿ. 2000ದ ನಂತರದ ವರ್ಷಗಳಲ್ಲಿ ಚೀನಾದ ಬೇಡಿಕೆಗೆ ಸಂಡೂರು, ಹೊಸಪೇಟೆ, ಬಳ್ಳಾರಿಯ ಗುಡ್ಡಗಳು ಲಾರಿ ಹತ್ತಿ ಬಂದರಿನ ದಾರಿ ಹಿಡಿದವು. ಬಳ್ಳಾರಿಗೆ ಅಂಟಿಕೊಂಡ ಮೊಳಕಾಲ್ಮೂರಿಗೆ ಅದರ ಬಿಸಿ ತಟ್ಟದೆ ಇರಲಿಲ್ಲ. ಮಿತಿ ಮೀರಿ ಭಾರ ಹೊತ್ತ ಲಾರಿಗಳ ವಿಚಾರ ಲೋಕಾಯುಕ್ತ ವರದಿಯಲ್ಲೂ ದಾಖಲಾಯಿತು. ಕೆಂಪು ಧೂಳು ಏರ್ ಫಿಲ್ಟರ್ ಕಟ್ಟುತ್ತಿತ್ತು, ಭಾರ ಟರ್ಬೊವನ್ನು ಕಾಯಿಸುತ್ತಿತ್ತು, ಅವಸರ ಅದಕ್ಕೆ ತಣಿಯಲು ಬಿಡುತ್ತಿರಲಿಲ್ಲ. ಏರು ಹತ್ತಿ ಬಂದ ಎಂಜಿನ್ನನ್ನು ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ನಿಲ್ಲಿಸಬೇಕು. ತಟ್ಟನೆ ನಿಲ್ಲಿಸಿದರೆ ತಿರುಗುತ್ತಲೇ ಇರುವ ಟರ್ಬೊಗೆ ಆಯಿಲ್ ನಿಂತು ಬೇರಿಂಗ್ ಸುಡುತ್ತದೆ. ಪಂಪಿನ ಸೀಲು ಒಡೆದು ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವ ಕೈಚಳಕವೂ ಇತ್ತು. ಹೀಗೆ ಮಾಡಿದರೆ ಬೂಸ್ಟೂ ಏರುತ್ತದೆ, ಹೊಗೆಯ ಬಿಸಿಯೂ ಏರುತ್ತದೆ. ಬೂಸ್ಟ್ ಗೇಜು ಮೊದಲನೆಯದನ್ನಷ್ಟೇ ತೋರಿಸೀತು, ಎರಡನೆಯದಕ್ಕೆ ಪೈರೋಮೀಟರ್ ಎಂಬ ಬೇರೆ ಮೀಟರು ಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ, ಮರುತಿಂಗಳು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅದಿರು ಲಾರಿಯ ಕಾಲ ಅಲ್ಲಿಗೆ ಒಮ್ಮೆಲೇ ಕಡಿಯಿತು.

ಇಷ್ಟಾಗಿ, ಗೇಜು ದುಬಾರಿಯೇನಲ್ಲ. ಪ್ಯಾರಿಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇವತ್ತಿಗೂ ಅದರ ಹೊಟ್ಟೆಯಲ್ಲಿದೆ: ಕುಡುಗೋಲಿನಂತೆ ಬಾಗಿದ ಚಪ್ಪಟೆ ಕೊಳವೆ, ಒತ್ತಡ ಹೊಕ್ಕರೆ ನೆಟ್ಟಗಾಗಲು ನೋಡುತ್ತದೆ, ಅದರ ತುದಿ ಮುಳ್ಳನ್ನು ತಿರುಗಿಸುತ್ತದೆ. ಕಷ್ಟವಿರುವುದು ಆಯ್ಕೆಯಲ್ಲಿ. ಯಾವ ಊರಿನ ಬಿಡಿಭಾಗದ ಅಂಗಡಿಯಲ್ಲೂ ಸಿಗುವ ಏರ್ ಬ್ರೇಕ್ ಗೇಜು ಹತ್ತು ಬಾರ್‌ವರೆಗೆ ಅಳೆಯುತ್ತದೆ. ಲಾರಿ ಟರ್ಬೊದ ಒತ್ತಡವೋ ಸಾಮಾನ್ಯವಾಗಿ ಒಂದರಿಂದ ಎರಡು ಬಾರ್, ಅಂದರೆ 15ರಿಂದ 30 ಪಿಎಸ್‌ಐ. ಬ್ರೇಕ್ ಗೇಜಿನಲ್ಲಿ ಮುಳ್ಳು ಮೂಲೆ ಬಿಟ್ಟು ಏಳುವುದೇ ಇಲ್ಲ. ಕಾರಿನ ಅಂಗಡಿಯ ಥಳಕಿನ ಗೇಜುಗಳಲ್ಲಿ ಒಂದು ಪಾಲು ನಿರ್ವಾತಕ್ಕೆ ಮೀಸಲು. ಅದು ಪೆಟ್ರೋಲ್ ಎಂಜಿನ್ನಿಗೆ ಸರಿ, ಥ್ರಾಟಲ್ ಇಲ್ಲದ ಹಳೆಯ ಡೀಸೆಲ್ಲಿಗೆ ದಂಡ. ಸೊನ್ನೆಯಿಂದ 35 ಅಥವಾ 40 ಪಿಎಸ್‌ಐ ತೋರಿಸುವ, ಮುಳ್ಳು ನಡುಗದಂತೆ ಗ್ಲಿಸರಿನ್ ತುಂಬಿದ ಸಾದಾ ಗೇಜು ಸಾಕು. ಎಂಜಿನ್ನಿನ ಗರಿಷ್ಠ ಬೂಸ್ಟು ಅದರ ಮುಖದ ಮುಕ್ಕಾಲು ಭಾಗದೊಳಗೆ ನಿಲ್ಲಬೇಕು.

ಕೂರಿಸುವ ಕೆಲಸ ತಣ್ಣಗಿರುವ ಎಂಜಿನ್ನಿನ ಮೇಲೆ. ಗಾಳಿ ತೆಗೆಯಬೇಕಾದ್ದು, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲೆ, ಮ್ಯಾನಿಫೋಲ್ಡಿನಲ್ಲಿ. ಎಂಜಿನ್ನಿಗೆ ನಿಜವಾಗಿ ಸಿಗುವ ಒತ್ತಡ ಅಲ್ಲಿಯದೇ. ಮ್ಯಾನಿಫೋಲ್ಡಿನಲ್ಲಿ ಮುಚ್ಚಿದ ಪ್ಲಗ್ ಇದ್ದರೆ ಅದನ್ನು ಬಿಚ್ಚಿ ನಿಪ್ಪಲ್ ಹಾಕಬಹುದು. ತೂತು ಕೊರೆಯಲೇಬೇಕಾದರೆ ಮ್ಯಾನಿಫೋಲ್ಡ್ ಕೆಳಗಿಳಿಸಿ ಕೊರೆಯುವುದು ಕ್ಷೇಮ. ಒಂದು ಚೂರು ಲೋಹ ಸಿಲಿಂಡರಿಗೆ ಬಿದ್ದರೆ ಗೇಜಿನ ಬೆಲೆಯ ನೂರು ಪಟ್ಟು ಖರ್ಚು. ಪಂಪಿಗೆ ಹೋಗುವ ಸಪೂರ ಪೈಪಿಗೇ ಟೀ ಹಾಕುವುದು ಸುಲಭದ ದಾರಿ, ಆದರೆ ಆ ಜೋಡಣೆ ಸೋರಿದರೆ ಪಂಪಿಗೂ ಗಾಳಿ ತಪ್ಪುತ್ತದೆ. ನೈಲಾನ್ ಪೈಪನ್ನು ಸೈಲೆನ್ಸರಿನ ಕಡೆಯಿಂದ ದೂರ ಎಳೆದು, ಕ್ಯಾಬಿನ್ ತಗಡಿನ ತೂತಿಗೆ ರಬ್ಬರ್ ಬುಷ್ ಹಾಕಿ ಒಳಗೆ ತರಬೇಕು. ಮುಂದೆ ಬಗ್ಗುವ ಕ್ಯಾಬಿನ್ ಆದರೆ ಬಗ್ಗಿಸಿದಾಗ ಪೈಪು ಎಳೆಯದಷ್ಟು ಸಡಿಲ ಬಿಡಬೇಕು. ಕೊನೆಗೆ ಎಂಜಿನ್ ಹಾಕಿ ಜೋಡಣೆಗಳಿಗೆಲ್ಲ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ನೋಡುವುದು.

ಗೇಜು ಹೇಳುವುದು ಅಂಕಿಗಿಂತ ಹೆಚ್ಚಾಗಿ ವ್ಯತ್ಯಾಸವನ್ನು. ಐಡ್ಲಿಂಗಿನಲ್ಲಿ ಮುಳ್ಳು ಸೊನ್ನೆಯ ಹತ್ತಿರವೇ ಇರುತ್ತದೆ. ಮಂಗಳೂರಿನಿಂದ ಲೋಡು ಹೊತ್ತು ಶಿರಾಡಿ ಘಾಟಿ ಹತ್ತುವಾಗ ಅದು ಎಲ್ಲಿ ನಿಂತಿತು ಎಂದು ಒಮ್ಮೆ ಗುರುತಿಟ್ಟುಕೊಂಡರೆ, ಮುಂದಿನ ಸಲ ಅದೇ ಏರು, ಅದೇ ಲೋಡಿಗೆ ಐದು ಪಿಎಸ್‌ಐ ಕಡಿಮೆಯಾದರೆ ವಿಷಯವಿದೆ. ಬೂಸ್ಟು ಇಳಿದು ಕಪ್ಪು ಹೊಗೆ ಬಂದರೆ ಗಾಳಿಯ ದಾರಿ ನೋಡಬೇಕು: ಫಿಲ್ಟರ್, ಹೋಸು, ಕ್ಲಾಂಪು, ಇಂಟರ್‌ಕೂಲರ್. ಹೊಗೆಯಿಲ್ಲದೆ ಇಳಿದರೆ ಡೀಸೆಲ್ಲಿನ ದಾರಿ.

2010ರ ಬಳಿಕ ಹೊಗೆಯ ನಿಯಮ ಮತ್ತೆ ಬಿಗಿಯಾಯಿತು. 2017ಕ್ಕೆ ಬಿಎಸ್-4, 2020ಕ್ಕೆ ಬಿಎಸ್-6. ಪಂಪಿನ ತಟ್ಟೆ ಹೋಗಿ ಮ್ಯಾನಿಫೋಲ್ಡಿನಲ್ಲಿ ಬೆರಳುದ್ದದ ಸೆನ್ಸರ್ ಬಂತು. ಅದು ಒತ್ತಡ ಅಳೆದು ಕಂಪ್ಯೂಟರಿಗೆ ಹೇಳುತ್ತದೆ, ಡ್ರೈವರನಿಗೆ ಹಳದಿ ದೀಪವೊಂದೇ. ಲೆಕ್ಕ ತಪ್ಪಿದರೆ ಎಂಜಿನ್ನು ತಾನೇ ಶಕ್ತಿ ಇಳಿಸಿಕೊಂಡು ಕುಂಟುತ್ತದೆ. ಇಂಥ ಲಾರಿಯ ಮ್ಯಾನಿಫೋಲ್ಡಿಗೆ ತೂತು ಕೊರೆಯುವುದು ವಾರಂಟಿಗೆ ಎಳ್ಳುನೀರು ಬಿಟ್ಟಂತೆ. ಇನ್ನೊಂದು ಕಡೆ ಭಾರ ಬೆಳೆಯಿತು: 2018ರ ಜುಲೈನಲ್ಲಿ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 16.2 ಟನ್ನಿನಿಂದ 18.5ಕ್ಕೆ, ಮೂರು ಆಕ್ಸಲ್ಲಿನದು 25ರಿಂದ 28.5ಕ್ಕೆ ಏರಿತು. ‘16’ರಿಂದ ಶುರುವಾಗುವ ಹಳೆಯ ಹೆಸರುಗಳ ಗಣಿತ ಅಲ್ಲಿಗೆ ತಪ್ಪಿತು.

ಚಳ್ಳಕೆರೆಯ ಬಳಿ ಅಮೃತಮಹಲ್ ದನ ಮೇಯುತ್ತಿದ್ದ ವರವು ಕಾವಲಿನಲ್ಲಿ ಈಗ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 2016ರ ನವೆಂಬರಿನಲ್ಲಿ ‘ರುಸ್ತುಂ-2’ ಎಂಬ ಚಾಲಕರಹಿತ ವಿಮಾನ ಮೊದಲು ಹಾರಿದ್ದು ಅಲ್ಲಿಂದ. 2018ರ ಫೆಬ್ರುವರಿಯಲ್ಲಿ ಹೆಚ್ಚು ಶಕ್ತಿಯ ಎಂಜಿನ್ನಿನೊಂದಿಗೆ ಮತ್ತೆ ಹಾರಿತು. ವಿಮಾನಕ್ಕೂ ಟರ್ಬೊಗೂ ನಂಟು ಹಳೆಯದು. ಟರ್ಬೊ ಹೆಸರು ಮಾಡಿದ್ದೇ ಎತ್ತರದ ತೆಳುಗಾಳಿಯಲ್ಲಿ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್, 14,000 ಅಡಿ ಎತ್ತರದ ಪೈಕ್ಸ್ ಶಿಖರಕ್ಕೆ ವಿಮಾನದ ಎಂಜಿನ್ನನ್ನು ಹೊತ್ತುಕೊಂಡು ಹೋಗಿ, ಎತ್ತರದಲ್ಲಿ ಕಳೆದುಹೋದ ಶಕ್ತಿಯನ್ನು ಟರ್ಬೊ ಮರಳಿ ಕೊಡುತ್ತದೆಂದು ತೋರಿಸಿದ್ದ.

ಹೊಸ ಲಾರಿಯ ಬೂಸ್ಟ್ ಓದಬೇಕೆಂದರೆ ಸ್ಕ್ಯಾನರ್ ಚುಚ್ಚಬೇಕು. ಅಂಕಿ ಬರುವುದು ಕಿಲೋಪ್ಯಾಸ್ಕಲಿನಲ್ಲಿ, ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿ. ಹಳೆಯ ಗೇಜು ಸೊನ್ನೆ ತೋರಿಸುವ ಕಡೆ ಅದು ಸೊನ್ನೆ ತೋರಿಸುವುದಿಲ್ಲ. ಇನ್ನೂರ ಐವತ್ತು ಕಂಡರೆ ಅದರಲ್ಲಿ ಟರ್ಬೊದ ದುಡಿಮೆ ನೂರೈವತ್ತೈದೇ. ಉಳಿದ ತೊಂಬತ್ತೈದು, ಸಮುದ್ರಮಟ್ಟದಿಂದ 585 ಮೀಟರ್ ಎತ್ತರದ ಚಳ್ಳಕೆರೆಯ ಬಯಲಿನಲ್ಲಿ ಎಂಜಿನ್ ಆಫ್ ಮಾಡಿ ನಿಂತಾಗಲೂ ಪರದೆಯ ಮೇಲೆ ಇರುತ್ತದೆ.