ನೋಟದ ದಾರಿ, ಓಟದ ದಾರಿ: ಭಾರತದ ಮ್ಯಾರಥಾನ್ ಚರಿತ್ರೆಯಿಂದ

ಮ್ಯಾರಥಾನ್ ಎಂಬುದು ಮೂಲತಃ ಗ್ರೀಸ್ ದೇಶದ ಒಂದು ಊರಿನ ಹೆಸರು. ಕ್ರಿ.ಪೂ. 490ರಲ್ಲಿ ಅಲ್ಲಿ ಅಥೆನ್ಸಿನವರು ಪರ್ಷಿಯನ್ನರನ್ನು ಸೋಲಿಸಿದರು. ಗೆಲುವಿನ ಸುದ್ದಿ ಹೊತ್ತ ದೂತನೊಬ್ಬ ಅಥೆನ್ಸಿನವರೆಗೆ ಓಡಿ, ಸುದ್ದಿ ಹೇಳಿ ಪ್ರಾಣಬಿಟ್ಟನೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಯುದ್ಧದ ಚರಿತ್ರೆ ಬರೆದ ಹೆರೊಡೋಟಸ್ ಈ ಓಟದ ಮಾತನ್ನೇ ಎತ್ತುವುದಿಲ್ಲ. ಅವನು ಹೇಳುವುದು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ನೆರವು ಕೇಳಲು ಓಡಿದವನ ಸಂಗತಿಯನ್ನು. ಮ್ಯಾರಥಾನಿನಿಂದ ಅಥೆನ್ಸಿಗೆ ಓಡಿ ಬಂದವನ ಕಥೆ ಹಲವು ಶತಮಾನಗಳ ನಂತರದ ಬರಹಗಳಲ್ಲಿ ಕಾಣಿಸಿಕೊಳ್ಳುತ್ತದೆ. 1896ರ ಒಲಿಂಪಿಕ್ಸಿನಲ್ಲಿ ಈ ಕಥೆಯನ್ನು ಓಟದ ಸ್ಪರ್ಧೆಯಾಗಿ ಮಾಡಬೇಕೆಂದು ಸೂಚಿಸಿದವನು ಕ್ರೀಡಾಪಟುವಲ್ಲ, ಮಿಷೆಲ್ ಬ್ರೆಯಲ್ ಎಂಬ ಫ್ರೆಂಚ್ ಭಾಷಾಶಾಸ್ತ್ರಜ್ಞ. ದೂರ ಆಗ ಸುಮಾರು 40 ಕಿಲೋಮೀಟರ್. ಈಗಿನ 42.195 ಕಿಲೋಮೀಟರ್ ಬಂದದ್ದು 1908ರ ಲಂಡನ್ ಕೂಟದಿಂದ. ಅಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಮನೆತನದ ಆಸನಗಳ ಮುಂದೆ ಓಟ ಮುಗಿಯುವಂತೆ ದಾರಿ ಅಳೆದಿದ್ದರು. ಆ ಅಳತೆಯೇ 1921ರಲ್ಲಿ ನಿಯಮವಾಯಿತು.

ನಮ್ಮ ದೇಶದ ಮಟ್ಟಿಗೆ ಈ ಕಥೆ ಆರಂಭವಾಗುವುದು ಪುಣೆಯಲ್ಲಿ. 1919ರಲ್ಲಿ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ಉದ್ಯಮಿ ದೊರಾಬ್ಜಿ ಟಾಟಾ ಬಂದಿದ್ದರು. ದೂರದ ಓಟದಲ್ಲಿ ಭಾಗವಹಿಸಿದವರಲ್ಲಿ ಬಹುಮಂದಿ ರೈತಾಪಿ ಜನ. ಬರಿಗಾಲಿನಲ್ಲಿ, ಸರಿಯಾದ ತರಬೇತಿಯಿಲ್ಲದೆ ಓಡಿದ ಇವರ ವೇಳೆ ಯುರೋಪಿನ ಓಟಗಾರರ ವೇಳೆಗೆ ಹತ್ತಿರವಾಗಿದ್ದುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಮುಂಬಯಿಯ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವು ಪಡೆದು, 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡ ಕಳುಹಿಸುವ ಏರ್ಪಾಟು ಮಾಡಿದರು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು: ಇಷ್ಟೇ ತಂಡ.

ಆ ನಾಲ್ವರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮ್ಯಾರಥಾನಿನಲ್ಲಿ ಅವರಿಗೆ ದೊರೆತದ್ದು 19ನೆಯ ಸ್ಥಾನ. ವೇಳೆ 2 ಗಂಟೆ 50 ನಿಮಿಷ 45 ಸೆಕೆಂಡು. ಗೆದ್ದ ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್ ಅವರಿಗಿಂತ ಸುಮಾರು 18 ನಿಮಿಷ ಹಿಂದೆ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬೇಕು. ಆಂಟ್ವರ್ಪಿನ ದಾರಿ 42.75 ಕಿಲೋಮೀಟರ್ ಇತ್ತು, ಅಂದರೆ ಈಗಿನ ಅಳತೆಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆಯವರ ವೇಗ ಕಿಲೋಮೀಟರಿಗೆ ಸುಮಾರು 4 ನಿಮಿಷ. ಆದ್ದರಿಂದ ಈಗಿನ ದೂರವನ್ನು ಅದೇ ವೇಗದಲ್ಲಿ ಓಡಿದ್ದರೆ ಅವರ ವೇಳೆ 2 ಗಂಟೆ 49 ನಿಮಿಷದೊಳಗೇ ಮುಗಿಯುತ್ತಿತ್ತು. ಇಂದು ಪಟ್ಟಣಗಳ ಓಟಗಳಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ ಹವ್ಯಾಸಿಗಳೂ 3 ಗಂಟೆಯೊಳಗೆ ಮುಗಿಸಿದರೆ ಸಂಭ್ರಮಿಸುತ್ತಾರೆ. ಭಾರತದ ಒಲಿಂಪಿಕ್ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1928ರ ಹಾಕಿ ಚಿನ್ನದಿಂದ ಹೇಳತೊಡಗುತ್ತೇವೆ. ಎಂಟು ವರ್ಷ ಹಿಂದಕ್ಕೆ ಸರಿದರೆ ಬೆಳಗಾವಿಯ ಈ ಓಟಗಾರ ಸಿಗುತ್ತಾರೆ. ಅವರನ್ನು ಮರೆತದ್ದು ನ್ಯಾಯವಲ್ಲ ಎಂದೇ ನನ್ನ ಭಾವನೆ.

ಬರಿಗಾಲಿನ ಓಟ ಅಲ್ಲಿಗೇ ನಿಲ್ಲಲಿಲ್ಲ. ಬಿಹಾರದ ಬಕ್ಸರ್ ಕಡೆಯ ಶಿವನಾಥ್ ಸಿಂಗ್ ಅವರೂ ಬರಿಗಾಲಿನಲ್ಲಿ ಓಡುವುದಕ್ಕೆ ಹೆಸರಾದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ 11ನೆಯವರಾದರು. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಓಡಿ ಅವರು ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಳಿಯಲಿಲ್ಲ. ಜಲಂಧರ್ ಪಂಜಾಬಿನ ಬಯಲು. ಕಣ್ಣಿಗೆ ಹಬ್ಬವಾಗುವಂಥದ್ದು ಆ ದಾರಿಯಲ್ಲಿ ಹೆಚ್ಚೇನೂ ಇರಲಾರದು. ದಾಖಲೆಗೆ ಬೇಕಾದದ್ದು ಸಮತಟ್ಟು ನೆಲ, ತಂಪು ಹವೆ. ನೋಟಕ್ಕೆ ಬೇಕಾದದ್ದು ಏರು, ಇಳಿಜಾರು, ನೀರು, ತಿರುವು. ಇವೆರಡೂ ಒಂದೇ ದಾರಿಯಲ್ಲಿ ಕೂಡುವುದು ಅಪರೂಪ.

ನೋಟದ ದಾರಿಗಳಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಮೊದಲು ತೋರಿಸಬೇಕಾದದ್ದು ಮುಂಬಯಿ. ಅಲ್ಲಿನ ಈಗಿನ ದೊಡ್ಡ ಮ್ಯಾರಥಾನ್ ಆರಂಭವಾದದ್ದು 2004ರಲ್ಲಿ. ಓಟ ಹೊರಡುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಮುಂದೆ ಸಿಗುವ ಮರೀನ್ ಡ್ರೈವ್, ಕಳೆದ ಶತಮಾನದ ಮೊದಲರ್ಧದಲ್ಲಿ ಸಮುದ್ರ ತುಂಬಿ ಪಡೆದ ನೆಲ. ಹಾಜಿ ಅಲಿಯ ಬಳಿ ಸಾಗುವ ರಸ್ತೆಯ ಕಥೆ ಇನ್ನೂ ಹಳೆಯದು. ಮುಂಬಯಿ ಏಳು ದ್ವೀಪಗಳಾಗಿದ್ದ ಕಾಲದಲ್ಲಿ ಭರತದ ನೀರು ಇಲ್ಲಿಂದ ಒಳನುಗ್ಗುತ್ತಿತ್ತು. ಅದನ್ನು ತಡೆಯಲು 18ನೆಯ ಶತಮಾನದಲ್ಲಿ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಕಟ್ಟೆ ಹಾಕಲಾಯಿತು. ಇಂದು ಓಟಗಾರರು ತುಳಿಯುವುದು ಆ ಕಟ್ಟೆಯ ಮೇಲಿನ ರಸ್ತೆಯನ್ನೇ. ಬಾಂದ್ರಾ–ವರ್ಲಿ ಸಮುದ್ರ ಸೇತುವೆ 2009ರದು. ಹೀಗೆ ಮೂರು ಶತಮಾನ ನೀರಿನೊಡನೆ ನಡೆದ ಜಗಳವನ್ನು ಒಂದೇ ಬೆಳಿಗ್ಗೆ ದಾಟಬಹುದು. ಮರಳುವಾಗ ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ. ಅದೇನೂ ದೊಡ್ಡ ಬೆಟ್ಟವಲ್ಲ, ಆದರೆ ಓಟದ ಕೊನೆಯ ಭಾಗದಲ್ಲಿ ಬರುವುದರಿಂದ ಬಹಳ ಜನರ ಕಾಲು ಅಲ್ಲಿಯೇ ಸೋಲುತ್ತದೆ.

ನಮ್ಮಲ್ಲಿ ಶ್ರೀರಂಗಪಟ್ಟಣದ ಬಳಿ 2007ರಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ಆರಂಭವಾಯಿತು. ಡಾಂಬರು ರಸ್ತೆ ಬಿಟ್ಟು, ನಾಲೆಯ ಏರಿಯ ಮಣ್ಣಿನ ದಾರಿಯಲ್ಲಿ, ಗದ್ದೆಗಳ ನಡುವೆ ಓಡುವ ಓಟವಿದು. ಈ ಸೀಮೆಯ ಹಸಿರನ್ನೆಲ್ಲ ಕನ್ನಂಬಾಡಿ ಕಟ್ಟೆಯ ಲೆಕ್ಕಕ್ಕೆ ಹಾಕುವುದು ರೂಢಿ. ಆದರೆ ಇಲ್ಲಿನ ಹಳೆಯ ಒಡ್ಡು, ನಾಲೆಗಳು ಅದಕ್ಕಿಂತ ಎಷ್ಟೋ ಹಿಂದಿನವು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಈಗಲೂ ಇದೆ. ರಂಗನತಿಟ್ಟಿನ ನಡುಗಡ್ಡೆಗಳೂ 17ನೆಯ ಶತಮಾನದ ಒಡ್ಡಿನಿಂದಲೇ ಆದವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ಪ್ರಕೃತಿಯ ಸೊಬಗೆಂದು ನಾವು ಮೆಚ್ಚುವ ಈ ನೋಟದಲ್ಲಿ ಮಣ್ಣು ಹೊತ್ತವರ ಪಾಲು ಎಷ್ಟಿದೆಯೆಂಬುದನ್ನು ಓಡುವವರು ಗಮನಿಸುತ್ತಾರೋ ಇಲ್ಲವೋ!

ಸಾತಾರದ ಗುಡ್ಡದ ಓಟ 2012ರದು. ಯವತೇಶ್ವರ ಘಾಟಿಯನ್ನು ಹತ್ತಿ ಇಳಿಯುವ ಇದು 21 ಕಿಲೋಮೀಟರಿನ ಅರ್ಧ ಮ್ಯಾರಥಾನ್ ಮಾತ್ರ, ಹಾಗಾಗಿ ಹೆಸರಿಸಿ ಮುಂದೆ ಹೋಗೋಣ.

ಲೇಹ್‌ನಲ್ಲಿಯೂ ಮ್ಯಾರಥಾನ್ ಆರಂಭವಾದದ್ದು 2012ರಲ್ಲೇ. ಊರು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಅಷ್ಟೇ ಕಡಿಮೆ. ಬಯಲುಸೀಮೆಯಿಂದ ಹೋದವರು ಹಲವು ದಿನ ಮೊದಲೇ ಅಲ್ಲಿದ್ದು ದೇಹವನ್ನು ಒಗ್ಗಿಸಿಕೊಳ್ಳದೆ ಓಡಿದರೆ ಜೀವಕ್ಕೇ ಅಪಾಯ. ಇದರ ಜೊತೆಗೆ ಖಾರ್ದುಂಗ್ ಹಳ್ಳಿಯಿಂದ ಖಾರ್ದುಂಗ್ ಲಾ ಕಣಿವೆಯನ್ನು ದಾಟಿ ಲೇಹ್ ತಲುಪುವ 72 ಕಿಲೋಮೀಟರಿನ ಓಟವೂ ಇದೆ. ಕಣಿವೆಯ ಎತ್ತರ 18,380 ಅಡಿಯೆಂದು ಬಹುಕಾಲ ಹೇಳುತ್ತಿದ್ದರು. ಉಪಗ್ರಹದ ನೆರವಿನಿಂದ ಅಳೆದಾಗ ಸಿಕ್ಕದ್ದು 5,359 ಮೀಟರ್, ಅಂದರೆ 17,582 ಅಡಿ. ಎಂಟುನೂರು ಅಡಿ ಕಡಿಮೆಯಾದರೂ ಅಲ್ಲಿ ಓಡುವವನ ಎದೆಗೆ ಅದರಿಂದ ದೊಡ್ಡ ಸಮಾಧಾನವಿಲ್ಲ.

ಮೋಟಾರು ರಸ್ತೆ ಬರುವ ಮೊದಲು ಇದು ಸಾರ್ಥವಾಹರ ದಾರಿ. ಲೇಹ್‌ನಿಂದ ನುಬ್ರಾ ಕಣಿವೆಗೆ ಇಳಿದು, ಕಾರಾಕೋರಂ ದಾಟಿ, ಯಾರ್ಕಂದ್ ಮತ್ತು ಕಾಶ್ಗರ್‌ಗೆ ವ್ಯಾಪಾರದ ತಂಡಗಳು ಹೋಗುತ್ತಿದ್ದವು. ಪಂಜಾಬ್, ಕಾಶ್ಮೀರಗಳ ವರ್ತಕರೂ ಮಧ್ಯ ಏಷ್ಯಾದ ವರ್ತಕರೂ ಲೇಹ್ ಪೇಟೆಯಲ್ಲಿ ಸೇರುತ್ತಿದ್ದರು. ಈಗಿನ ಓಟಗಾರರು ಬೆಳಕು ಹರಿಯುವುದಕ್ಕೆ ಮುಂಚೆ, ಹಣೆಗೆ ದೀಪ ಕಟ್ಟಿಕೊಂಡು ಖಾರ್ದುಂಗ್ ಹಳ್ಳಿಯಿಂದ ಹೊರಡುತ್ತಾರೆ. ಕಣಿವೆಯ ನೆತ್ತಿಯವರೆಗೆ ಬಹುಮಂದಿ ಓಡುವುದಿಲ್ಲ, ನಡೆಯುತ್ತಾರೆ. ಹೇರು ಹೊತ್ತ ಕುದುರೆಗಳೂ ಅಲ್ಲಿ ಮೆಲ್ಲಗೆಯೇ ಹತ್ತುತ್ತಿದ್ದಿರಬೇಕು.